ನಿಂತಲ್ಲೇ ನಡೆಸುವ ಯಂತ್ರದ ಮಿಸ್ತ್ರಿ ಪ್ರಮಿಳಾ

ಬೆಳಗಾವಿಯ ಮಹಾಂತೇಶ ನಗರ. ಎಳೆಬಿಸಿಲು ಈಗಷ್ಟೇ ಕಿಟಕಿ ದಾಟಿ ಮಹಡಿಯ ಕೋಣೆಯೊಳಗೆ ಕಾಲಿಟ್ಟಿದೆ. ನಂದಗಡದಿಂದ ಮೊದಲ ಬಸ್ಸು ಹಿಡಿದು ಬಂದ ಪ್ರಮಿಳಾ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಎಲಿಪ್ಟಿಕಲ್ ಯಂತ್ರದ ಹೊಟ್ಟೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತಿದ್ದಾರೆ. ಎರಡು ಹಲಗೆಗಳ ಮೇಲೆ ನಿಂತು, ಎರಡು ಹಿಡಿಕೆ ಹಿಡಿದು, ಇದ್ದಲ್ಲೇ ನಡೆಯುವ ಯಂತ್ರವದು. ಪಾದ ಹಲಗೆ ಬಿಟ್ಟು ಏಳುವುದಿಲ್ಲ, ಹಾಗಾಗಿ ಮೊಣಕಾಲಿಗೆ ಪೆಟ್ಟಿಲ್ಲ.

"ಏನ್ ಕಾಣಾಕತ್ತೈತಿ ತಂಗಿ?" ಬಸದಿಗೆ ಹೋಗಿ ಬಂದು ಜಪಮಣಿ ಹಿಡಿದು ಕುಳಿತ ಮನೆಯ ಹಿರಿಯರಾದ ಶಾಂತಾಬಾಯಿ ಕೇಳುತ್ತಾರೆ.

"ಇರಿವಿ ಅದಾವ್ರಿ ಆಯಿ. ಸಂಸಾರನ ಹೂಡ್ಯಾವ."

"ಹಂಗಾರ ಕೈ ಹಚ್ಚಬ್ಯಾಡವ್ವ! ಒಂದ್ ಜೀವಾನೂ ಹೋಗಬಾರ್ದು."

ಗೇಟಿನ ಹೊರಗೆ ಗುಜರಿ ಗಾಡಿಯ ಕಲ್ಮೇಶ ನಿಂತಿದ್ದಾನೆ. ಅವನನ್ನು ಕರೆಸಿದವರು ಶಾಂತಾಬಾಯಿಯ ಮಗ ಧನ್ಯಕುಮಾರ. "ಪ್ರಮಿಳಾಬಾಯಿ, ಇವತ್ತ ಸಪ್ಪಳಿಲ್ಲದ ತಿರಗಿದ್ರ ಇರ್ಲಿ, ಇಲ್ಲಂದ್ರ ಗುಜರಿಗೆ. ನಮ್ಮವ್ವ ಇದರ ಮ್ಯಾಲೆ ನಡದ್ರ ಆ ಕಿರಗುಟ್ಟೂದಕ್ಕ ಓಣಿ ನಾಯಿ ಎಲ್ಲಾ ಬೊಗಳತಾವ."

ಯಂತ್ರ ಈ ಮನೆಗೆ ಬಂದದ್ದು ಲಾಕ್‌ಡೌನಿನಲ್ಲಿ. ಒಂದು ತಿಂಗಳು ಮನೆಮಂದಿಯೆಲ್ಲ ಸರದಿ ಹಚ್ಚಿ ನಡೆದರು. ಆಮೇಲೆ ಅದು ಒದ್ದೆ ಸೀರೆ ಹರವುವ ಕಟ್ಟೆಯಾಯಿತು. ಶಾಂತಾಬಾಯಿ ಮಾತ್ರ ದಿನಾ ಬೆಳಿಗ್ಗೆ ಸೀರೆ ತೆಗೆದಿಟ್ಟು ಹಲಗೆ ಏರುತ್ತಾರೆ. ಬರುವ ಮಾಘದಲ್ಲಿ ಅವರು ಬಾಹುಬಲಿ ಸ್ವಾಮಿಯ ಬೆಟ್ಟ ಹತ್ತಬೇಕು, ಅದೂ ತಮ್ಮ ಕಾಲಿನ ಮೇಲೆ. ರಸ್ತೆಯಲ್ಲಿ ನಡೆದರೆ ಮೊಣಕಾಲು ಊದುತ್ತದೆ. ಡೋಲಿ ಮಾಡುತ್ತೇನೆಂದು ಮಗ ಹೇಳಿದರೆ ಆಯಿ ಒಪ್ಪುವುದಿಲ್ಲ. "ನನ್ನ ಭಾರ ಮತ್ತೊಬ್ಬರ ಹೆಗಲಿಗ್ಯಾಕಪ್ಪಾ? ಮಂದೀಗೆ ತ್ರಾಸ ಕೊಟ್ಟು ಹೋಗಿ, ಸ್ವಾಮಿ ಮುಂದ ಹೆಂಗ ಕೈಮುಗೀಲಿ?"

ಪ್ರಮಿಳಾರದು ತಲೆತಲಾಂತರದಿಂದ ಕುರಿ ಹಿಂದೆ ನಡೆದ ಮನೆತನ. ತಂದೆ ಲಕ್ಷ್ಮಪ್ಪ ಕುರಿ ಬಿಟ್ಟು ನಂದಗಡದ ಸಂತೆಯಲ್ಲಿ ಹೊಲಿಗೆ ಯಂತ್ರ ರಿಪೇರಿಗೆ ಕುಳಿತವರು. ಪಾನಾ ಹಿಡಿದು ಬೋಲ್ಟು ಬಿಚ್ಚಿ ಬಿಗಿಯುವುದನ್ನು ಮಗಳು ಅಲ್ಲಿಯೇ ಕಲಿತರು. ಮುಂದೆ ಬೆಳಗಾವಿಯ ವ್ಯಾಯಾಮ ಸಾಮಾನಿನ ಅಂಗಡಿಯಲ್ಲಿ ಕಸ ಗುಡಿಸಲು ಸೇರಿ, ಪೆಟ್ಟಿಗೆ ಬಿಚ್ಚಿ ಯಂತ್ರ ಜೋಡಿಸುವವರೆಗೆ ಬಂದರು. ಅಂಗಡಿ ಮುಚ್ಚಿದಾಗ ಗಿರಾಕಿಗಳು ಇವರ ಫೋನ್ ನಂಬರು ಇಟ್ಟುಕೊಂಡರು. ಈಗ ದಿನಕ್ಕೆ ಮೂರ್ನಾಲ್ಕು ಮನೆ: ಇವತ್ತು ಇಲ್ಲಿ, ಆಮೇಲೆ ನೆಹರು ನಗರ, ಸಂಜೆ ಊರಿಗೆ ಮರಳುವಾಗ ಖಾನಾಪುರದಲ್ಲೊಂದು.

"ಬಾಗಲಾ ತಗದವರು ನನ್ನ ಹಿಂದ ನೋಡತಾರ್ರಿ, ಮಿಸ್ತ್ರಿ ಎಲ್ಲಿ ಅಂತ. ನಾನ ಅದೀನಿ ಅಂದ್ರ ಒಬ್ಬರು ಬಾಗಲಾನ ಹಾಕ್ಕೊಂಡ್ರು" ಎಂದು ಪ್ರಮಿಳಾ ನಗುತ್ತಾರೆ. ಅತ್ತೆ ಮಾಯಕ್ಕನ ಚೇಷ್ಟೆಯೂ ತಪ್ಪಿದ್ದಲ್ಲ: "ನಾವು ಅಡವಿ ಅಡವಿ ನಡದು ಕಾಲ ಸವಿಸಿದ್ವಿ. ನೀ ರೊಕ್ಕಾ ಕೊಟ್ಟು ನಿಂತಲ್ಲೆ ನಡ್ಯೂ ಮಂದೀನ ಹುಡುಕಿದಿ ನೋಡು!"

ಇತ್ತ ಧನ್ಯಕುಮಾರ ಕರ್ಪೂರ ಪುಡಿ ಮಾಡಿ ಹಾಕಿ ಇರುವೆ ಓಡಿಸೋಣ ಎನ್ನುತ್ತಾರೆ. ಪ್ರಮಿಳಾ ತಲೆಯಾಡಿಸುತ್ತಾರೆ. "ಓಡಸೂದು ಬ್ಯಾಡ್ರಿ, ಕರ್ಯೂಣು." ಹಳೆ ಪೇಪರಿನ ಮೇಲೆ ಬೆಲ್ಲದ ತುಣುಕಿಟ್ಟು, ಯಂತ್ರದ ಪಕ್ಕಕ್ಕೆ ಸರಿಸಿ, ಕಾಲು ಮಡಚಿ ಕೂರುತ್ತಾರೆ.

"ಅವಾ ಕೆಳಗ ಕಾಯಾಕತ್ತಾನ" ಎಂದು ಧನ್ಯಕುಮಾರ ಗೊಣಗುತ್ತಾರೆ.

"ಇರಿವಿಗೆ ಅದು ಗೊತ್ತಿಲ್ರಿ ಅಣ್ಣಾರ."

ಚಹಾ ಬರುತ್ತದೆ. ಕಲ್ಮೇಶನೂ ಮೇಲೆ ಬಂದು ಕಪ್ಪು-ಬಸಿ ಹಿಡಿದು ಕೂರುತ್ತಾನೆ. ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಕರಿಯ ಗೆರೆಯೊಂದು ಯಂತ್ರದಿಂದಿಳಿದು ಬೆಲ್ಲದ ಕಡೆ ಹೊರಡುತ್ತದೆ. ದೇವರು ಪ್ರತಿ ಜೀವಕ್ಕೂ ಒಂದು ನಡಿಗೆ ಕೊಟ್ಟಿದ್ದಾನೆ. ಅದನ್ನು ಅವಸರ ಮಾಡಿಸಲು ನಾವ್ಯಾರು? ಕೊನೆಯ ಇರುವೆಯೂ ದಾಟಿದ ಮೇಲೆ ಪ್ರಮಿಳಾ ಪೇಪರನ್ನು ಮೆಲ್ಲಗೆ ಎತ್ತಿ ಹೂಕುಂಡದ ಬುಡದಲ್ಲಿ ಇಟ್ಟು ಬರುತ್ತಾರೆ. ಗಾಲಿ ಓಡುವ ಪಟ್ಟಿಗೆ ಬೆರಳು ಹಚ್ಚಿದರೆ ಅಂಟಂಟು.

"ಆಯಿ, ಈ ನೀರಿನ ಬಾಟ್ಲಿ ಇಡೂ ಗೂಡಿನ್ಯಾಗ ಏನ್ ಇಡತಿದ್ರಿ?"

ಜಪಮಣಿ ನಿಲ್ಲುತ್ತದೆ. "ಒಂದೀಟ ಕಲ್ಲಸಕ್ರಿ... ನಡ್ಯೂಮುಂದ ಬಾಯಿ ಒಣಗತೈತಲ್ಲವ್ವ."

ಮಳೆಗಾಲದ ತೇವಕ್ಕೆ ಕರಗಿದ ಕಲ್ಲುಸಕ್ಕರೆ ಕೊಳವೆಗುಂಟ ಇಳಿದು ಗಾಲಿಗೆ ಮೆತ್ತಿಕೊಂಡಿದೆ. ಕಿರುಗುಟ್ಟುವುದೂ ಅದೇ, ಇರುವೆ ಕರೆದದ್ದೂ ಅದೇ.

ಧನ್ಯಕುಮಾರರಿಗೆ ನಗು ತಡೆಯುವುದಿಲ್ಲ. "ಅವ್ವಾ, ಹೊತ್ತ ಮುಳುಗಿದ ಮ್ಯಾಲೆ ನೀ ಹನಿ ನೀರ ಮುಟ್ಟಾಂಗಿಲ್ಲ, ಇರಿವಿಗೆ ರಾತ್ರಿಯಿಡೀ ಪಂಕ್ತಿ ಹಾಕೀಯಲ್ಲ!"

ಬಿಸಿನೀರಿನ ಅರಿವೆಯಿಂದ ಪಟ್ಟಿ, ಗಾಲಿ ಒರೆಸಿ, ಎಣ್ಣೆ ಬಿಟ್ಟು, ಬೋಲ್ಟು ಬಿಗಿದ ಮೇಲೂ ಪ್ರಮಿಳಾ ಚೀಲ ಕಟ್ಟುವುದಿಲ್ಲ. ಮನೆಯವರು ನಡೆದು ತೋರಿಸದೆ ಹೊರಡುವ ರೂಢಿ ಅವರಿಗಿಲ್ಲ. ಶಾಂತಾಬಾಯಿ ಸೆರಗು ಸಿಕ್ಕಿಸಿ ಹಲಗೆ ಏರುತ್ತಾರೆ. ಒಂದು ಹೆಜ್ಜೆ, ಮತ್ತೊಂದು. ಸದ್ದಿಲ್ಲ. ಆಯಿಯ ಬಾಯಲ್ಲಿ ನಡೆದಿರುವ ಣಮೋಕಾರ ಮಂತ್ರವಷ್ಟೇ ಕೋಣೆಯಲ್ಲಿ ಕೇಳುತ್ತದೆ.

"ಈ ಮನ್ಯಾಗ ನನಗ ಚಹಾ ಬಿಟ್ರ ಏನೂ ಸಿಗೂದಿಲ್ಲ ಬಿಡ್ರಿ" ಎಂದು ಕಲ್ಮೇಶ ಎದ್ದು ಹೋಗುತ್ತಾನೆ.

ನೆಹರು ನಗರದ ದಾರಿ ಹಿಡಿದ ಪ್ರಮಿಳಾರನ್ನು, ಇನ್ನೇನು ಆಸೆ ಎಂದು ಕೇಳಿದರೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. "ಬೆಟ್ಟದ ಮ್ಯಾಲಿಂದ ಒಂದ ಫೋನ್ ಮಾಡ್ರಿ ಅಂತ ಆಯಿಗೆ ಹೇಳೇನ್ರಿ. ಮಿಶಿನ್ ಕೆಟ್ಟಾಗ ಎಲ್ಲಾರೂ ಮಾಡತಾರ. ಚಲೋ ನಡದೈತಿ ಅಂತ ಹೇಳಾಕ ಇನ್ನೂತನಾ ಯಾರೂ ಮಾಡಿಲ್ಲ."