ಎಮ್ಮೆ ಕಟ್ಟುವ ಜಾಗದ ನಕ್ಷೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೊಲ್ಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಗಿರಾಕಿ ರಾಶಿ ರಾಶಿ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದರೆ ನಮ್ಮ ಮನೆಯವರು ನಗುನಗುತ್ತ ಮಡಿಚಿಡುತ್ತಾರೆ, ನಾನು ಕಂಪ್ಯೂಟರಿನ ಹಿಂದಿನಿಂದ ಕೆಕ್ಕರಿಸಿ ನೋಡುತ್ತೇನೆ. ಆ ಕಂಪ್ಯೂಟರ್ ಬಿಲ್ಲು ಮಾಡಲೆಂದು ಬಂದದ್ದು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅದರ ಮೇಲೆ ನಕ್ಷೆ ಮಾಡುವುದನ್ನು ಕಲಿತೆ. ಸರ್ಕಾರ ಎಲ್ಲರಿಗೂ ತೆರೆದಿಟ್ಟ ಮಾಹಿತಿ ಇರುತ್ತದಲ್ಲ, ಊರಿನ ಗಡಿ, ರಸ್ತೆ, ಜನಗಣತಿ, ಅವನ್ನು ಇಳಿಸಿಕೊಂಡು ಒಂದರ ಮೇಲೊಂದು ಹಾಸಿದರೆ ಬೆರಳಿನಿಂದ ಹಿಗ್ಗಿಸಿ ನೋಡುವ ನಕ್ಷೆ ತಯಾರು. ಲಿಂಕ್ ಕಳಿಸಿದರೆ ಯಾರ ಮೊಬೈಲಿನಲ್ಲೂ ತೆರೆಯುತ್ತದೆ. ನನ್ನ ತವರೂರು ಮೊದಲ ಸಲ ಪರದೆಯ ಮೇಲೆ ಮೂಡಿದಾಗ ಅಂಗಡಿಯಲ್ಲೇ ಚಪ್ಪಾಳೆ ಹೊಡೆದುಬಿಟ್ಟಿದ್ದೆ.

ತವರು ಅಕ್ಕಲಕೋಟ ತಾಲೂಕಿನಲ್ಲಿ, ವಾಗದರಿಯ ಆಚೆ. ಅಣ್ಣ, ವೈನಿ, ಅವರ ಒಬ್ಬಳೇ ಮಗಳು ಊರಿನಿಂದ ದೂರ, ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಅದಕ್ಕೆ ನಮ್ಮ ಕಡೆ ವಸ್ತಿ ಅನ್ನುತ್ತಾರೆ. ಈಗ ಊರಿನ ಅರ್ಧ ಜನ ಹೀಗೆಯೇ ರಸ್ತೆಯುದ್ದಕ್ಕೂ ವಸ್ತಿಗಳಲ್ಲಿದ್ದಾರೆ.

ಹುಡುಗಿ ಹತ್ತನೇ ಇಯತ್ತೆ ಪಾಸಾಗಿ ಅಕ್ಕಲಕೋಟದ ಕಾಲೇಜಿನಲ್ಲಿ ಜಾಗ ಸಿಕ್ಕಿತು. ಅಣ್ಣ ಅಡ್ಡಗಾಲು ಹಾಕಿದ. ಸರ್ಕಾರಿ ಎಸ್‌ಟಿ ಬಸ್ಸು ವಸ್ತಿಯ ಮುಂದೆಯೇ ಹಾಯ್ದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಹತ್ತಬೇಕೆಂದರೆ ಬೆಳಕು ಹರಿಯುವ ಮೊದಲೇ ಕಬ್ಬಿನ ನಡುವೆ ಊರತನಕ ನಡೆಯಬೇಕು.

"ಬಸ್ ಇಲ್ಲಿ ನಿಂತ್ರ ಕಳಸ್ತೀನಿ. ಇಲ್ಲಂದ್ರ ಇಲ್ಲ," ಅಂದ.

"ಅತ್ತಿ, ನೀನರ ಏನರ ಮಾಡು," ಎಂದು ಹುಡುಗಿ ಫೋನಿನಲ್ಲಿ ಅತ್ತಳು.

ಅಕ್ಕಲಕೋಟದ ಬಸ್ ಡೆಪೋಗೆ ಹೋದೆ. ಅಲ್ಲಿನ ಸಾಹೇಬರು ಒಳ್ಳೆಯ ಮನುಷ್ಯ. "ವಿನಂತಿ ಥಾಂಬಾ ಕೊಡಬಹುದ್ರಿ ಬಾಯಿ," ಅಂದರು. ಕೈ ಮಾಡಿದರೆ ಬಸ್ಸು ನಿಲ್ಲುವ ಜಾಗಕ್ಕೆ ಆ ಹೆಸರು. "ಆದ್ರ ಅಲ್ಲಿ ಮಂದಿ ಎಲ್ಲಿದ್ದಾರ? ತೋರಸ್ರಿ." ಅವರ ಮಾತಿನಲ್ಲೂ ಹುರುಳಿತ್ತು. ನಾನು ಇಳಿಸಿಕೊಂಡ ಜನಗಣತಿಯಲ್ಲಿ ಇಡೀ ಊರು ಒಂದೇ ಚುಕ್ಕೆ, ವಸ್ತಿಗಳ ಸುಳಿವೇ ಇರಲಿಲ್ಲ.

ಇಷ್ಟೇ ತಾನೆ ಅಂದುಕೊಂಡೆ. ನಕ್ಷೆ ಮಾಡಿ, 'ನಿಮ್ಮ ಮನೆ ಎಲ್ಲಿದೆ? ಒತ್ತಿ ಗುರುತು ಹಾಕಿ, ಹೆಸರು ಬರೆಯಿರಿ' ಎಂದು ಕನ್ನಡ ಮರಾಠಿ ಎರಡರಲ್ಲೂ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಸಂಜೆ ತೆರೆದು ನೋಡುತ್ತೇನೆ, ಅಯ್ಯ ಶಿವನೇ, ಗುರುತುಗಳೆಲ್ಲ ಊರ ನಡುವೆ ಹುಣಸೆಹಣ್ಣಿನ ಉಂಡೆಯ ಹಾಗೆ ಮೆತ್ತಿಕೊಂಡಿದ್ದವು! ರಸ್ತೆ ಖಾಲಿ, ವಸ್ತಿಗಳಲ್ಲಿ ನರಪಿಳ್ಳೆಯಿಲ್ಲ. ಇದನ್ನು ಸಾಹೇಬರಿಗೆ ತೋರಿಸಿದರೆ ಹುಡುಗಿಯ ಕಾಲೇಜಿಗೆ ನಾನೇ ಕಲ್ಲು ಹಾಕಿದಂತೆ. ಯಾರ್ಯಾರು ಒತ್ತಿದ್ದಾರೆ ಎಂದು ನೋಡುತ್ತ ಹೋದರೆ ಮೊದಲನೆಯ ಗುರುತು ನನ್ನ ಅಣ್ಣನದೇ.

ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಫೋನು ಹಚ್ಚಿದೆ.

"ಅಣ್ಣಾ, ರಾತ್ರಿ ಎಲ್ಲಿ ಮಲಗ್ತಿ?"

"ವಸ್ತಿಮ್ಯಾಗ."

"ರೊಟ್ಟಿ ಎಲ್ಲಿ ತಿಂತಿ?"

"ವಸ್ತಿಮ್ಯಾಗ. ಯಾಕ?"

"ಮತ್ತ ಗುರ್ತು ಊರಾಗ ಯಾಕ ಒತ್ತಿದಿ, ಪುಣ್ಯಾತ್ಮ?"

"ಮನಿ ಊರಾಗೇ ಅದ ಅಲ್ಲ ತಂಗಿ. ದೇವರ ಜಗಲಿ ಅಲ್ಲೇ ಅದ. ಹೊಲದಾಗ ಇರ್ತೀವಿ ಅಂತ ಬರದ್ರ, ಊರಾಗ ಮನಿ ಇಲ್ಲದವರು ಅಂತಾರ ಮಂದಿ. ನಾಳಿ ಬೀಗರು ಕೇಳಿದ್ರ ಏನ್ ಹೇಳ್ಲಿ?"

ಆ ಮನೆಗೆ ಕೀಲಿ ಬಿದ್ದು ವರ್ಷಗಳಾಗಿವೆ. ಹಬ್ಬಕ್ಕೊಮ್ಮೆ ವೈನಿ ಹೋಗಿ ದೀಪ ಹಚ್ಚಿ ಬರುತ್ತಾಳೆ, ಉಳಿದ ದಿನ ಬೆಕ್ಕಿನ ಸಂಸಾರ. ಆದರೂ ಮನೆ ಎಂದರೆ ಅದೇ. ಊರಿನ ಎಲ್ಲರದೂ ಇದೇ ಕತೆ. ಬೈಯಲು ಬಾಯಿ ತೆರೆದವಳು ಸುಮ್ಮನಾದೆ, ಯಾಕೆಂದರೆ ನಿನ್ನ ತವರುಮನೆ ಯಾವುದು ಎಂದು ಕೇಳಿದ್ದರೆ ನಾನೂ ಆ ಕೀಲಿ ಹಾಕಿದ ಬಾಗಿಲನ್ನೇ ತೋರಿಸುತ್ತಿದ್ದೆ.

"ಆತು ಬಿಡು. ಎಮ್ಮಿ ಎಲ್ಲಿ ಕಟ್ತಿ?"

"ಎಮ್ಮಿ ಯಾವ ಹುಚ್ಚ ಊರಾಗ ಕಟ್ತಾನ? ವಸ್ತಿಮ್ಯಾಗ!"

ಸಿಕ್ಕಿತು! ಹಳೆಯ ಗುರುತುಗಳನ್ನೆಲ್ಲ ಅಳಿಸಿ, ಹೊಸದಾಗಿ 'ನಿಮ್ಮ ಎಮ್ಮೆ ಎಲ್ಲಿ ಕಟ್ಟುತ್ತೀರಿ?' ಎಂದು ಬರೆದು ಕಳಿಸಿದೆ. ಆಮೇಲಿನ ಮಜಾ ನೋಡಬೇಕಿತ್ತು. ಗುರುತುಗಳು ರಸ್ತೆಯ ಎರಡೂ ಬದಿಗೆ ಟಕಟಕ ಮೂಡತೊಡಗಿದವು. ಎಮ್ಮೆ ಇಲ್ಲದವರು ಆಡಿನ ಗುರುತು ಹಾಕಿದರು. ಒಬ್ಬ ಮುತ್ಯಾ ಎಮ್ಮೆಗೊಂದು, ಎತ್ತಿಗೊಂದು, ನಾಯಿಗೊಂದು ಒತ್ತಿದ. ಇನ್ನೊಬ್ಬರು ಎಮ್ಮೆಯ ಫೋಟೋ ಕಳಿಸಿ ಅದು ಕೊಡುವ ಹಾಲಿನ ವರ್ಣನೆ ಬರೆದರು. ಮೊಬೈಲಿಲ್ಲದ ಮುದುಕಿಯರ ಬಳಿ ಹುಡುಗಿ ತಾನೇ ವಸ್ತಿಯಿಂದ ವಸ್ತಿಗೆ ತಿರುಗಿ, ಅವರ ಬೆರಳು ಹಿಡಿದು ಒತ್ತಿಸಿದಳು. ವೈನಿ ಫೋನು ಮಾಡಿ, "ಏನವಾ, ಎಮ್ಮಿಗೋಳು ಕಾಲೇಜಿಗೆ ಹೊಂಟಾವೇನು?" ಎಂದಳು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಡೆಪೋದಲ್ಲಿ ಸಾಹೇಬರು ಲಿಂಕ್ ತೆರೆದರು. ಮೇಲೆ ದಪ್ಪ ಅಕ್ಷರದಲ್ಲಿ ಎಮ್ಮೆಯ ಪ್ರಶ್ನೆ. "ಕಾಯ್ ಹೇ, ಬಾಯಿ?" ಇದೇನಿದು ಎಂದು ಮರಾಠಿಯಲ್ಲಿ ಕೇಳಿ ಹುಬ್ಬೇರಿಸಿದರು.

"ಹಿಗ್ಗಿಸಿ ನೋಡ್ರಿ," ಅಂದೆ.

ನಕ್ಷೆಯ ಅಡಿಗೆ ಹಾಸಿದ್ದ ಉಪಗ್ರಹದ ಚಿತ್ರದಲ್ಲಿ ಪ್ರತಿ ಗುರುತಿನ ಪಕ್ಕದಲ್ಲೂ ತಗಡಿನ ಮಾಡು, ಅಂಗಳ, ಮೇವಿನ ಬಣವೆ. ಅವರು ಬೆರಳಿನಿಂದ ಒಂದೊಂದನ್ನೇ ಹಿಗ್ಗಿಸಿ ನೋಡಿದರು.

"ಎಮ್ಮಿ ಇದ್ದಲ್ಲಿ ಮಂದಿ ಇರಲೇಬೇಕಲ್ರಿ," ಎಂದು ನಕ್ಕರು. "ಇಲ್ಲಂದ್ರ ಹಾಲು ಹಿಂಡವರು ಯಾರು?" ಒಮ್ಮೆ ವಸ್ತಿಗಳಿಗೆ ಹೋಗಿ ಕಣ್ಣಾರೆ ನೋಡಿಯೂ ಬಂದರು. ಕಾಲೇಜು ಶುರುವಾಗುವ ಹೊತ್ತಿಗೆ ಥಾಂಬಾ ಮಂಜೂರಾಯಿತು.

ಮೊದಲ ದಿನ ನಾನು ಸೊಲ್ಲಾಪುರದಲ್ಲಿ ಅಂಗಡಿಯ ಬಾಗಿಲು ತೆರೆದು ಕಸ ಹೊಡೆಯುತ್ತಿದ್ದೆ. ಫೋನು ಬಂತು. ಹಿಂದೆ ಬಸ್ಸಿನ ಗಡಗಡ.

"ಅತ್ತಿ, ನಿಂತ್ತು! ಕೈ ಮಾಡಿದ್ವಿ, ನಿಂತೇ ಬಿಡ್ತು! ಕಿಡಕಿ ಸಿಕ್ಕದ. ಬಾಜೂ ವಸ್ತಿ ಹುಡಗೇರೂ ಹತ್ಯಾರ." ಆಮೇಲೆ ದನಿ ತಗ್ಗಿಸಿದಳು. "ಆದ್ರ ಅತ್ತಿ, ಅಪ್ಪಾನೂ ಹತ್ಯಾನ. ಕಳಸಾಕ ಬಂದಾವ, ಇಳಿ ಅಂದ್ರ ಇಳೀವಲ್ಲ. ಸಗಣಿ ಕೈಲೇ ಕುಂತಾನ."

"ಕೊಡು ಅವನ ಕೈಯಾಗ ಫೋನ್," ಎಂದು ಗದರಿದೆ. "ಅಣ್ಣಾ, ಬಸ್ ನಿಂತದಲ್ಲ, ಇನ್ನೇನು ನಿಂದು? ಹೋಗ್ಲಿ ಬಿಡು ಹುಡಗಿ."

ನಾನು ಓದಲೆಂದು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟು ಹೊಲಕ್ಕೆ ಇಳಿದವನು ನನ್ನ ಅಣ್ಣ.

"ತಡಿಯಾಕ ಬಂದಿಲ್ಲ ತಂಗಿ," ಅಂದ. "ಕಾಲೇಜಿನ ಬಾಗಲತನಕ ಹೋಗಿ ಬರ್ತೀನಿ, ಅಷ್ಟ. ನಮ್ಮ ಕೂಸು ಒಳಗ ಕಾಲಿಡೂದು ನಾ ನೋಡಬ್ಯಾಡೇನು?"

ಕಸಬರಿಗೆ ಕೈಯಲ್ಲೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಕಣ್ತುಂಬ ನೋಡ್ಕೊಂಡು ಬಾ ಅಣ್ಣಾ," ಅಂದೆ. "ಆದ್ರ ಸ್ಟ್ಯಾಂಡಿನ ನಳದಾಗ ಮೊದಲ ಕೈ ತೊಳಕೋ."