ಟಾರ್ಚಕ್ಕ ಮತ್ತು ಬೀಗದ ಜಾಹೀರಾತು

ಅಂಗಡಿಯ ಹೊಸ್ತಿಲು ದಾಟಿದವರನ್ನು ತಲೆಯಿಂದ ಕಾಲಿನವರೆಗೆ ತೂಗಿ ನೋಡುವುದು ನನ್ನ ಕಸುಬಿನ ಚಟ. ಟಾರ್ಚಕ್ಕನನ್ನು ಮೊದಲ ಸಲ ಹೀಗೆ ತೂಗಿದೆ: ಚೌಕಟ್ಟು ಹಳೆಯದು, ಗೆದ್ದಲು ಹಿಡಿದಿಲ್ಲ. ಎಡ ಮೊಣಕೈಯ ಕೀಲು ಕಚ್ಚಿಕೊಂಡಿದೆ, ಪೂರ್ತಿ ಬಿಚ್ಚುವುದಿಲ್ಲ. ಚಪ್ಪಲಿ ಸವೆದಿದೆ, ಕೈಚೀಲದ ಹಿಡಿಗೆ ಹೊಲಿಗೆ ಬಿದ್ದಿದೆ, ಆದರೆ ಚೀಲದೊಳಗಿನ ಟಾರ್ಚಿಗೆ ಮಾತ್ರ ಹೊಸ ಸೆಲ್ಲು. ನಡುಹಗಲಲ್ಲಿ ಟಾರ್ಚು ಹೊತ್ತು ತಿರುಗುವವಳು ಕೊಳ್ಳುವ ಗಿರಾಕಿಯಲ್ಲ ಎಂದು ತೀರ್ಮಾನಿಸಿದೆ. ಆ ತೀರ್ಮಾನ ಸುಳ್ಳಾಗಲಿಲ್ಲ. ನನ್ನ ಅಂಗಡಿಯಲ್ಲಿ ಆಕೆ ಇಂದಿಗೂ ಒಂದು ಗುಂಡುಸೂಜಿ ಕೊಂಡವಳಲ್ಲ.

ನಾನು ಮಾರುವುದು ಹಳೆಯ ಜಾಹೀರಾತುಗಳನ್ನು. ಸೋಪಿನ ತಗಡು, ಕೂದಲೆಣ್ಣೆಯ ಕ್ಯಾಲೆಂಡರು, ಬಣ್ಣ ಮಾಸಿದ ಸಿನಿಮಾ ಪೋಸ್ಟರು. ಟಾರ್ಚಕ್ಕ ವಯಸ್ಸಿದ್ದಷ್ಟು ಕಾಲ ಸಿನಿಮಾ ಮಂದಿರದಲ್ಲಿ ದುಡಿದವಳು, ತಡವಾಗಿ ಬಂದವರಿಗೆ ಕತ್ತಲಲ್ಲಿ ಸೀಟು ತೋರಿಸುವ ಕೆಲಸ. ಮಂದಿರ ಮುಚ್ಚಿದ ಮೇಲೆ ಮಧ್ಯಾಹ್ನದ ಹೊತ್ತು ಕಳೆಯಲು ನನ್ನ ಗೋಡೆಗಳು ಸಿಕ್ಕವು. ಬರುವುದು, ಒಂದು ತಗಡಿನ ಮುಂದೆ ನಿಲ್ಲುವುದು, ಅದರ ಮಾನ ಕಳೆಯುವುದು.

ಹಲ್ಲುಪುಡಿಯ ಜಾಹೀರಾತೊಂದಿತ್ತು. ಹುಡುಗಿ ನಗುತ್ತಿದ್ದಾಳೆ, ಹಿಂದೆ ಇಬ್ಬರು ಗೆಳತಿಯರು ಏನೋ ಪಿಸುಗುಟ್ಟುತ್ತಿದ್ದಾರೆ. ನಾನು ಆ ನಗುವನ್ನು ಹೊಗಳಿ ಹೊಗಳಿ ಮಾರುತ್ತಿದ್ದೆ. ಟಾರ್ಚಕ್ಕ ಗೆಳತಿಯರ ಮೇಲೆ ಬೆರಳಿಟ್ಟಳು. "ನಗು ನೋಡಿ ಯಾರೂ ಪುಡಿ ಕೊಳ್ಳಲ್ಲ ಸಾಹುಕಾರ್ರೆ, ಈ ಪಿಸುಪಿಸು ಕೇಳಿ ಕೊಳ್ತಾರೆ. ಜಾಹೀರಾತು ಮೊದಲು ಹೆದರಿಕೆ ಮಾರುತ್ತೆ, ಆಮೇಲೆ ಸಾಮಾನು." ನನ್ನ ಅಪ್ಪ ಹೇಳಿಕೊಡದ ವ್ಯಾಪಾರದ ಗುಟ್ಟು ಅದು. ಅಂದಿನಿಂದ ನಾನೂ ಗಿರಾಕಿಗಳಿಗೆ ಗೆಳತಿಯರನ್ನೇ ತೋರಿಸತೊಡಗಿದೆ.

ಸಿನಿಮಾದ ವಿಷಯದಲ್ಲಿ ನಮಗಿಬ್ಬರಿಗೂ ಎಣ್ಣೆ ಸೀಗೇಕಾಯಿ. ನನಗೆ ಹೊಡೆದಾಟ ಬೇಕು, ಕೊನೆಗೆ ಕಳ್ಳ ಸಿಕ್ಕಿಬೀಳಬೇಕು. ಆಕೆಯ ಮೆಚ್ಚಿನ ಚಿತ್ರ ಒಂದು ಕಪ್ಪುಬಿಳುಪಿನದು. ಒಂಟಿ ಹೆಂಗಸಿಗೆ ಮಹಡಿಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಚಿತ್ರವಿಡೀ ಅವಳು ಮೆಟ್ಟಿಲ ಬುಡದಲ್ಲೇ ಹತ್ತಲೋ ಬೇಡವೋ ಎಂದು ನಿಂತಿರುತ್ತಾಳೆ. ದೆವ್ವವೇ ಬಾರದ ದೆವ್ವದ ಸಿನಿಮಾ ಉಪ್ಪಿಲ್ಲದ ಸಾರಿನ ಹಾಗೆ ಎಂದು ನಾನು ಕೆಣಕಿದರೆ, ದೆವ್ವವೂ ನೆಂಟನೂ ಒಂದೇ, ಬರುವವರೆಗೆ ಮಾತ್ರ ಚಿಂತೆ ಎನ್ನುತ್ತಿದ್ದಳು. ಯಾವ ಚಿತ್ರದ ಆರಂಭವನ್ನೂ ಆಕೆ ನೆಟ್ಟಗೆ ನೋಡಿದವಳಲ್ಲ, ತಡವಾಗಿ ಬಂದವರ ಕಾಲಡಿಗೆ ಬೆಳಕು ಹಿಡಿಯುವುದರಲ್ಲೇ ಅದು ಕಳೆದುಹೋಗುತ್ತಿತ್ತು. ಪರದೆಗಿಂತ ಹೆಚ್ಚು ನೋಡಿದ್ದು ಜನರ ಬೆನ್ನುಗಳನ್ನು. ನಿಜವಾಗಿ ಹೆದರಿದವನು ಕಿರುಚುವುದಿಲ್ಲವಂತೆ, ಅವನ ಬೆನ್ನು ಮಾತ್ರ ಕುರ್ಚಿಯನ್ನು ಬಿಟ್ಟಿರುತ್ತದಂತೆ.

ಆಕೆ ನನ್ನ ಅಂಗಡಿಯಲ್ಲಿ ಒಂದೇ ಒಂದು ತಗಡಿನ ಮುಂದೆ ನಿಲ್ಲುತ್ತಿರಲಿಲ್ಲ. ಅದೊಂದು ಬೀಗದ ಕಂಪನಿಯ ಜಾಹೀರಾತು, ಆಳೆತ್ತರದ್ದು. ರಾತ್ರಿಯ ಮನೆ, ಮೇಜಿನ ಸುತ್ತ ಸಂಸಾರ, ಕಿಟಕಿಯಾಚೆ ಒಂದು ನೆರಳು, ನಡುವೆ ಕುಂಬಳಕಾಯಿ ಗಾತ್ರದ ಬೀಗ. ಕೆಳಗೆ 'ಇನ್ನು ನಿಶ್ಚಿಂತೆ' ಎಂಬ ಬರಹ. ಒಂದು ದಿನ ಒತ್ತಾಯ ಮಾಡಿದ್ದಕ್ಕೆ ಹತ್ತಿರ ಬಂದು, "ಬೀಗ ಕಾಣ್ತು. ಕೀಲಿ ಯಾರ ಕೈಲಿದೆ ತೋರಿಸಿ" ಎಂದಳು. ಹುಡುಕಿದೆ. ಅಪ್ಪನ ಕೈಯಲ್ಲಿಲ್ಲ, ಅಮ್ಮನ ಸೊಂಟದಲ್ಲಿಲ್ಲ, ಮೇಜಿನ ಮೇಲಿಲ್ಲ. ಅಷ್ಟು ವರ್ಷ ನನಗೆ ಕಿಟಕಿಯಾಚೆಯವನು ಕಳ್ಳನಾಗಿ ಕಂಡಿದ್ದ. ಅಂದು ಒಳಗಿನವರೇ ಸೆರೆಯಾಳುಗಳ ಹಾಗೆ ಕಂಡರು.

ಆಗಲೇ ಆಕೆ ಮೊಣಕೈಯ ಕಥೆ ಹೇಳಿದ್ದು. ಟಿಕೆಟ್ಟಿಲ್ಲದೆ ನುಸುಳುತ್ತಾರೆಂದು ಮಂದಿರದ ಮಾಲೀಕ ಪಕ್ಕದ ಬಾಗಿಲಿಗೆ ಸರಪಳಿ ಬಿಗಿಸಿದ್ದ. ಒಂದು ಸಂಜೆ ಎಲ್ಲೋ ಚೂರು ಹೊಗೆಯಾಯಿತು, ಯಾರೋ ಬೆಂಕಿ ಎಂದು ಕೂಗಿದರು. ಜನರೆಲ್ಲ ಆ ಬಾಗಿಲಿಗೆ ನುಗ್ಗಿದರು, ಆ ನೂಕಾಟದಲ್ಲಿ ಆಕೆಯ ಮೊಣಕೈ ಮುರಿಯಿತು. ಹೊಗೆ ತಾನಾಗಿ ಆರಿತು. ಜೊತೆಯಲ್ಲಿ ಟಾರ್ಚು ಹಿಡಿಯುತ್ತಿದ್ದ ಆಕೆಯ ತಂಗಿ ಮಾತ್ರ ಬಾಗಿಲ ಬಳಿಯಿಂದ ಏಳಲಿಲ್ಲ.

"ನಮ್ಮ ಕೆಲಸದಲ್ಲಿ ಆ ಮಾತು ಬಾಯಿಗೆ ತರಬಾರದು. ಬೆಂಕಿಗಿಂತ ಮೊದಲು ಆ ಮಾತೇ ಜನರನ್ನ ತಿನ್ನುತ್ತೆ. ಏನೇ ಆದ್ರೂ ಇಂಟರ್ವಲ್ ಅನ್ನಬೇಕು. ಇಂಟರ್ವಲ್‌ಗೆ ಯಾರೂ ಓಡಲ್ಲ."

ಮಹಡಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ಸಿನಿಮಾ ತೋರಿಸಿ ಗಿರಾಕಿಗಳನ್ನು ಸೆಳೆಯಬೇಕೆಂಬುದು ನನ್ನ ಭಾವಮೈದನ ಬುದ್ಧಿ. ಬುದ್ಧಿ ಕೆಟ್ಟದ್ದಲ್ಲ. ಕಿಟಕಿಗೆ ಕಪ್ಪು ಪರದೆ, ಬಾಡಿಗೆ ಕುರ್ಚಿ, ಕೆಳಗೆ ಅಂಗಡಿಯಿಂದ ಮೆಟ್ಟಿಲು. ಕೋಣೆಯ ಹಿಂಗೋಡೆಯಲ್ಲಿ ಹೊರಗಿನ ಕಬ್ಬಿಣದ ಮೆಟ್ಟಿಲಿಗೆ ಹೋಗುವ ಬಾಗಿಲಿತ್ತು. ಬೋಳುಬಾಗಿಲು ಅಂದಗೇಡಿ ಎಂದು ಭಾವಮೈದ ಅದರ ಚೌಕಟ್ಟಿಗೆ ಅಡ್ಡವಾಗಿ ಆ ಬೀಗದ ಜಾಹೀರಾತನ್ನೇ ತಿರುಪು ಹಾಕಿ ಕೂರಿಸಿದ. ಬಾಗಿಲು ಹೊರಕ್ಕೆ ತೆರೆಯುವಂಥದ್ದೇ, ಆದರೆ ತಗಡು ಕದಲದೆ ಇಲಿಯೂ ದಾಟುವಂತಿರಲಿಲ್ಲ.

ಟಾರ್ಚಕ್ಕ ಕೋಣೆಯ ಬಾಗಿಲಲ್ಲೇ ನಿಂತು, ಅದನ್ನು ತೆಗೆಸಿ ಎಂದಳು. ತೆಗೆಸು ಎಂದು ಭಾವಮೈದನಿಗೆ ಹೇಳಿದೆ. ಅವನು ತಲೆಯಾಡಿಸಿದ. ಅವನ ತಲೆಯಾಟ ಹೌದೋ ಅಲ್ಲವೋ ಎಂದು ನನ್ನ ಹೆಂಡತಿಗೂ ಇನ್ನೂ ತಿಳಿದಿಲ್ಲ.

ಭಾನುವಾರ ತಗಡು ಇದ್ದಲ್ಲೇ ಇತ್ತು. ಅದಕ್ಕೆ ತಾಗಿದ್ದ ಬೆಂಚಿನಲ್ಲಿ ಟಾರ್ಚಕ್ಕ ಎಲ್ಲರಿಗಿಂತ ಮೊದಲೇ ಬಂದು ಬೆನ್ನೊತ್ತಿ ಕೂತಿದ್ದಳು. ನಿನ್ನದೇ ಮೆಚ್ಚಿನ ಚಿತ್ರ ತರಿಸಿದ್ದೇನೆ, ಮುಂದಿನ ಕುರ್ಚಿಗೆ ಬಾ ಎಂದರೆ ಕದಲಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಮಗಳು ಚಪ್ಪಲಿ ಬಿಚ್ಚಿಟ್ಟು, ಕಾಲು ಮಡಚಿ ಕೂತಳು.

ಪರದೆಯ ಮೇಲೆ ಆ ಹೆಂಗಸು ಮೆಟ್ಟಿಲ ಕಟಕಟೆಗೆ ಕೈಯಿಟ್ಟಳು. ಮೇಲೆ ಹೆಜ್ಜೆ ಸಪ್ಪಳ. ಕೋಣೆಯೆಲ್ಲ ಉಸಿರು ಬಿಗಿಹಿಡಿದಾಗ, ಹಿಂದಿನಿಂದ ಟಾರ್ಚಿನ ಬೆಳಕು ನೆಲದ ಮೇಲೆ ಬಿತ್ತು.

"ಇಂಟರ್ವಲ್. ಎಲ್ಲರೂ ಹಿಂದಿನ ಬಾಗಿಲಿಂದ ಬನ್ನಿ."

ಯಾರೋ ಗೊಣಗಿದರು, ಇಷ್ಟು ಬೇಗ ಎಂಥ ಇಂಟರ್ವಲ್ಲು, ಸಾಹುಕಾರರಿಗೆ ಶರಬತ್ತು ಮಾರುವ ಆತುರ ಎಂದು. ಜನ ನಕ್ಕರು. ಆಕೆಯ ಇಂಟರ್ವಲ್ಲಿನ ಅರ್ಥ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ನನ್ನ ಬೆನ್ನು ಕುರ್ಚಿ ಬಿಟ್ಟಿತ್ತು. ಅಂಗಡಿಯ ಕಡೆಯ ಬಾಗಿಲ ಸಂದಿಯಿಂದ ಹೊಗೆ ಬೆಕ್ಕಿನ ಹಾಗೆ ಒಳಗೆ ಬರುತ್ತಿತ್ತು. ಮೆಟ್ಟಿಲ ಕೆಳಗೆ ನಾನೇ ಒಟ್ಟಿದ್ದ ಪ್ಯಾಕಿಂಗ್ ಹುಲ್ಲಿನ ವಾಸನೆ ಅದು. ಕೂಗಿದರೆ ಎಲ್ಲರೂ ಮುಚ್ಚಿದ ಬಾಗಿಲಿಗೆ ನುಗ್ಗುತ್ತಾರೆ, ಸುಮ್ಮನಿದ್ದರೆ ಹೊಗೆ ಬರುತ್ತದೆ. ಕಣ್ಣು ಮಾತ್ರ ಆ ತಗಡಿನ ನಾಲ್ಕು ಮೂಲೆಗಳಿಗೆ ಅಂಟಿತ್ತು. ಭಾವಮೈದ ತಿರುಪು ಬಿಚ್ಚಿದ್ದಾನೋ, ಇಲ್ಲವೋ?

ಟಾರ್ಚಕ್ಕ ಬೆಂಚಿನಿಂದ ಎದ್ದಳು. ತಗಡು ಅವಳ ಬೆನ್ನಿನ ಜೊತೆಗೇ ಮುಂದಕ್ಕೆ ಬಾಗಿತು. ಬಗ್ಗಿದ ಮೊಣಕೈಯಲ್ಲಿ ಅದನ್ನು ತಡೆದು, ಬಾಯಿ ತೆರೆದು ನಿಂತಿದ್ದ ಭಾವಮೈದನ ಕೈಗೆ ಒರಗಿಸಿದಳು. ಅಷ್ಟು ಹೊತ್ತೂ ಅದು ನಿಂತಿದ್ದು ಆಕೆಯ ಬೆನ್ನಿನ ಆಸರೆಯಲ್ಲಿ.

"ನಿಮ್ಮ ತಿರುಪು ನನ್ನ ಚೀಲದಲ್ಲಿದೆ. ಆಮೇಲೆ ಇಸ್ಕೊಳ್ಳಿ" ಎಂದು ಅವನ ಕಿವಿಯಲ್ಲಿ ಹೇಳಿ, ಬೆಂಚನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಬಾಗಿಲು ತಳ್ಳಿದಳು. ಬೆಳಕು ಒಳಗೆ ಬಿತ್ತು.

ಜನ ಮೈಮುರಿಯುತ್ತಾ, ಆಕಳಿಸುತ್ತಾ, ಒಬ್ಬರಿಗೊಬ್ಬರು ದಾರಿ ಬಿಡುತ್ತಾ ಇಳಿದರು. ಅಷ್ಟು ನಿಧಾನದ ನಡಿಗೆಯನ್ನು ನಾನು ಮತ್ತೆಂದೂ ಕಂಡಿಲ್ಲ. ನನ್ನ ಮಗಳು ಎಲ್ಲರಿಗಿಂತ ಹಿಂದೆ, ಚಪ್ಪಲಿಯ ಪಟ್ಟಿ ಹಾಕುತ್ತಾ ಕೂತಿದ್ದಳು. ಹೊಗೆ ಅವಳ ಕುರ್ಚಿಯ ಕಾಲು ಮುಟ್ಟಿತ್ತು. ಎತ್ತಿಕೊಂಡು ಓಡಲು ಹೊರಟವನನ್ನು ಟಾರ್ಚಕ್ಕನ ಕೈ ತಡೆಯಿತು. ಮೆಟ್ಟಿಲ ಮೇಲೆ ಇನ್ನೂ ಜನರಿದ್ದಾರೆ, ನೀವು ಓಡಿದರೆ ಅವರೂ ಓಡುತ್ತಾರೆ ಎಂದಳು. ತಾನೇ ಹೋಗಿ ಅವಳ ಕಾಲಡಿಗೆ ಬೆಳಕು ಹಿಡಿದು, "ಇಲ್ಲಿ ನೋಡ್ಕೊಂಡು ಬಾ ಪುಟ್ಟಿ" ಎಂದು, ತಡವಾಗಿ ಬಂದವರನ್ನು ಸೀಟಿಗೆ ಕರೆದೊಯ್ಯುವ ಹಾಗೆ ಕರೆತಂದಳು.

ಬೀದಿಗಿಳಿದ ಮೇಲೆ ಜನ ಹಿಂತಿರುಗಿ ನೋಡಿದರು. ಒಳಗಿನ ಮೆಟ್ಟಿಲೂ ಅರ್ಧ ಅಂಗಡಿಯೂ ಸುಟ್ಟುಹೋದವು. ಹಲ್ಲುಪುಡಿಯ ಹುಡುಗಿ ಕಪ್ಪಾದಳು. ಟಾರ್ಚಕ್ಕ ಚರಂಡಿಯ ಕಟ್ಟೆಯ ಮೇಲೆ ಕೂತಿದ್ದಳು. ಉರಿಯುತ್ತಿದ್ದ ಟಾರ್ಚನ್ನು ಆರಿಸಲು ಬೆರಳಿಗೆ ಆಗುತ್ತಿರಲಿಲ್ಲ, ನಾನೇ ಆರಿಸಿದೆ.

ಈಗ ಮಹಡಿಯ ಹಿಂಗೋಡೆಯಲ್ಲಿ ಬೋಳುಬಾಗಿಲಿದೆ, ಅಂದಗೇಡಿಯಾಗಿಯೇ ಇದೆ. ಟಾರ್ಚಕ್ಕ ಇಂದಿಗೂ ಏನನ್ನೂ ಕೊಳ್ಳದೆ ಬಂದು ಹೋಗುತ್ತಾಳೆ. ಕೆಳಗೆ ಚಪ್ಪಲಿ ಎಳೆದುಕೊಂಡು ಓಡಾಡುವ ನನ್ನ ಮಗಳು ಬದುಕಿರುವುದು ಆಕೆಯಿಂದ.