ಎದೆಗೆ ಕರ್ಕಾಟಕ

ಬಹರೇನ್‌ನ ಬುಸೈತೀನ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಟೀಚರ್, ಮದುವೆಗೆ ಮೊದಲು ಮಂಗಳೂರಿನಲ್ಲಿ ಇತಿಹಾಸ ಕಲಿಸಿದವರು. ಇಂಗ್ಲೆಂಡಿನ ಹಳೆಯ ಪಂಚಾಂಗಗಳೆಂದರೆ ಅವರಿಗೆ ಪ್ರಾಣ. ಮುನ್ನೂರು ನಾನೂರು ವರ್ಷಗಳ ಹಿಂದೆ ಅಲ್ಲಿಯ ಜನ ಬಿತ್ತನೆಗೆ, ಪ್ರಯಾಣಕ್ಕೆ, ಕೂದಲು ಕತ್ತರಿಸುವುದಕ್ಕೂ ಅವನ್ನು ನೋಡುತ್ತಿದ್ದರಂತೆ. ಅವರ ಬಳಿಯ ಜೆರಾಕ್ಸ್ ಹಾಳೆಯೊಂದರಲ್ಲಿ ಬೆತ್ತಲೆ ಮನುಷ್ಯನ ಚಿತ್ರವಿತ್ತು. ತಲೆಗೆ ಮೇಷ, ಎದೆಗೆ ಕರ್ಕಾಟಕ, ಪಾದಕ್ಕೆ ಮೀನ. ಚಂದ್ರ ಇರುವ ರಾಶಿಯ ಅಂಗಕ್ಕೆ ಆ ಹೊತ್ತು ಕತ್ತಿ ತಾಗಿಸಬಾರದು.

"ನಿಮ್ಮ ಸೂಜಿಗೂ ಇದೇ ಕಾನೂನು ಸಿಸ್ಟರ್," ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರಿಗೆ ಕ್ಯಾನ್ಸರ್ ಬಂತು. ಅದು ಶ್ವಾಸಕೋಶಕ್ಕೆ ಹರಡಿ ಎದೆಯಲ್ಲಿ ನೀರು ತುಂಬಿತು. ನಾನು ನರ್ಸ್ ಆಗಿದ್ದ ವಾರ್ಡಿಗೇ ಸೇರಿಸಿದರು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳಿಗೆ ಒರಗಿ ಕುಳಿತೇ ಇರುತ್ತಿದ್ದರು. ಸೂಜಿ ಹಾಕಿ ನೀರು ತೆಗೆಯೋಣವೆಂದರು ಡಾಕ್ಟರು. ಟೀಚರ್ ಗಂಡ, ಪಕ್ಕದ ಹಿದ್ ಊರಿನಲ್ಲಿ ಹಡಗು ರಿಪೇರಿಯ ಎಂಜಿನಿಯರ್. ಹೆಂಡತಿಯ ಈ ಹುಚ್ಚನ್ನು ಸದಾ ಅಣಕಿಸಿದವರು. ಅಂದು ಬೆಳಿಗ್ಗೆ ಊರಿನ ಪಂಚಾಂಗ ಹಿಡಿದು ಬಂದಿದ್ದರು.

"ಇವತ್ತು ಬೇಡ. ಚಂದ್ರ ಕರ್ಕಾಟಕದಲ್ಲಿದ್ದಾನೆ. ನಾಡಿದ್ದು ಮಾಡುವ."

"ಅಷ್ಟು ಕಾಯ್ಲಿಕ್ಕೆ ಆಗುದಿಲ್ಲ ಸರ್. ಉಸಿರಾಡ್ಲಿಕ್ಕೇ ಕಷ್ಟ ಆಗ್ತಾ ಉಂಟು ಅವರಿಗೆ," ಎಂದೆ.

ಟೀಚರ್ ತಡೆತಡೆದು ಹೇಳಿದರು. "ಅದು ಇಂಗ್ಲಿಷಿನವರ ಲೆಕ್ಕ ಮಾರಾಯ್ರೆ. ಅವರ ರಾಶಿಯೂ ನಮ್ಮದೂ ಒಟ್ಟಿಗೆ ಬರುದಿಲ್ಲ. ನಾನು ಓದಿದ್ದು ಮಾತ್ರ, ನಂಬಿದ್ದಲ್ಲ."

ಗಂಡ ಕೇಳಲಿಲ್ಲ. ಪಂಚಾಂಗದ ಆ ಪುಟವನ್ನೇ ಮತ್ತೆ ಬಿಡಿಸಿ ನಮ್ಮ ಮುಂದೆ ಹಿಡಿದರು. ಟೀಚರ್ ಗಂಡನ ಮುಖವನ್ನೇ ನೋಡಿದರು, ಮತ್ತೆ ನನ್ನತ್ತ ತಿರುಗಿದರು.

"ನಾಡಿದ್ದೇ ಆಗ್ಲಿ ಸಿಸ್ಟರ್. ಅವರಿಗೆ ಮಾಡ್ಲಿಕ್ಕೆ ಬೇರೆ ಎಂತ ಉಂಟು?"

ಡಾಕ್ಟರು ಮತ್ತೊಮ್ಮೆ ಬಂದು ವಿವರಿಸಿದರು. ಟೀಚರೇ ಬೇಡವೆಂದರು. ನಾವು ಆಕ್ಸಿಜನ್ ಏರಿಸಿದೆವು, ಬೆನ್ನು ನೀವಿದೆವು. ಮರುದಿನ ಮಧ್ಯಾಹ್ನ, ಬಾಯಿ ತೆರೆದು ಗಾಳಿಗಾಗಿ ಹೆಣಗುತ್ತಲೇ ಅವರು ಹೋದರು. ಎಸಿ ಓಡುತ್ತಿದ್ದರೂ ಗಂಡ ಪೇಪರಿನಿಂದ ಬೀಸುತ್ತಲೇ ಇದ್ದರು. ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು.

ಶವಾಗಾರದ ಹೊರಗೆ ಅವರು ಕೇಳಿದರು. "ನಿನ್ನೆಯೇ ತೆಗೆದಿದ್ರೆ ಬದುಕ್ತಿದ್ದಳಾ?"

"ಇಲ್ಲ ಸರ್." ಅದು ನಿಜವೇ ಆಗಿತ್ತು.

"ಉಸಿರಾಟ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸ್ವಲ್ಪ ಸುಲಭ ಆಗ್ತಿತ್ತು."

ಶವಪೆಟ್ಟಿಗೆಯ ಜೊತೆ ಊರಿಗೆ ಹೋದ ಅವರು ಬಹರೇನ್‌ಗೆ ಮರಳಲಿಲ್ಲ. ಕಂಪನಿಯವರು ಬಂದು ಫ್ಲ್ಯಾಟ್ ಖಾಲಿ ಮಾಡಿದರು.